ಹಿಂದೆ 18 ಹಲ್ಲು

ಮೂರನೇ ಸಲ ಸೈಕಲ್ ತಳ್ಳಿಕೊಂಡು ಸ್ಕೂಲಿಗೆ ಹೋದ ದಿನವೇ ತೀರ್ಮಾನ ಮಾಡಿಬಿಟ್ಟೆ, ಈ ಗೇರಿನ ಸಹವಾಸ ಇನ್ನು ಸಾಕು ಅಂತ.

ಅವತ್ತು ಬೆಳಗ್ಗೆ ಎಂಟೂವರೆ ಇರಬೇಕು. ಮಂಡ್ಯದ ನಮ್ಮ ಮನೆಯಿಂದ ನಾನು ಪಾಠ ಮಾಡುವ ಹಳ್ಳಿಗೆ 7 ಕಿ.ಮೀ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾಲೆ ಏರಿ ಮೇಲಿನ ದಾರಿ. ಕಬ್ಬು ಕಡಿಯುವ ಕಾಲದಲ್ಲಿ ಆ ದಾರಿಯ ರೂಪವೇ ಬೇರೆ. ಟ್ರ್ಯಾಕ್ಟರು, ಎತ್ತಿನ ಗಾಡಿ ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಹೋದಷ್ಟು ದೂರವೂ ಸೋಗೆ, ತರಗು ಉದುರಿರುತ್ತದೆ. ಅದರ ಮೇಲೇ ಸೈಕಲ್ ಬಿಡಬೇಕು, ಬೇರೆ ದಾರಿ ಇಲ್ಲ.

ಒಂದು ಉದ್ದನೆಯ ಒಣ ಸೋಗೆ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿದ್ದನ್ನು ನಾನು ನೋಡಲಿಲ್ಲ. ಎರಡು ಸಲ ಪೆಡಲ್ ತುಳಿದೆ ಅಷ್ಟೇ. ಸೋಗೆ ಡಿರೇಲರ್‌ನ ಎರಡು ಪುಟ್ಟ ಚಕ್ರಗಳಿಗೆ ಸುತ್ತಿಕೊಂಡಿತು. ಡಿರೇಲರ್ ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ ಹಲ್ಲುಚಕ್ರಕ್ಕೆ ತಳ್ಳುವ ತೋಳು. ಗೇರ್ ಸೈಕಲ್ಲಿನಲ್ಲಿ ಹಿಂದೆ, ಕೆಳಗೆ ನೇತಾಡುತ್ತಾ ಇರುತ್ತಲ್ಲ, ಅದೇ. ಆ ತೋಳು ಹಾಗೇ ತಿರುಚಿಕೊಂಡು ಕಡ್ಡಿಗಳ ನಡುವೆ ನುಗ್ಗಿತು. ಟರ್ ಅಂತ ಸದ್ದು. ಸೈಕಲ್ ಇದ್ದಲ್ಲೇ ನಿಂತಿತು. ಇಳಿದು ನೋಡಿದರೆ 3 ಕಡ್ಡಿ ತುಂಡಾಗಿವೆ, ಡಿರೇಲರ್ ಎರಡು ಮಡಿಕೆ ಆಗಿದೆ. ಸ್ಕೂಲು ಇನ್ನೂ 4 ಕಿ.ಮೀ. ದೂರ.

ಚಕ್ರ ಸುತ್ತದೆ ಇರುವ ಸೈಕಲ್ಲನ್ನು ತಳ್ಳುವುದು ಅಂದರೆ ಹಿಂದುಗಡೆ ಎತ್ತಿ ಹಿಡಿದುಕೊಂಡೇ ನಡೆಯಬೇಕು. ಸ್ವಲ್ಪ ದೂರ ಹೋಗಿದ್ದೆ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಹಿಂದಿನಿಂದ ಬಂದು ಇಳಿದಳು.

"ಸಾ, ಬ್ಯಾಗ್ ಕೊಡಿ ಸಾ. ನಾನ್ ತಕ್ಕೋಗಿ ಸ್ಟಾಫ್ ರೂಮ್‌ನಲ್ಲಿ ಮಡಗಿರ್ತೀನಿ."

ಅವಳು ಬಂದಿದ್ದು ಅವಳ ಅಕ್ಕನ ಸೈಕಲ್ಲಿನಲ್ಲಿ. ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡಲು ಶುರು ಮಾಡಿದ ಸೈಕಲ್ಲುಗಳಲ್ಲಿ ಅದೂ ಒಂದು. ಅಕ್ಕ ಓದು ಮುಗಿಸಿ ಹೋಗಿದ್ದಾಳೆ, ಸೈಕಲ್ ತಂಗಿಗೆ ಬಂದಿದೆ. ನನ್ನ ಬ್ಯಾಗನ್ನು ಮುಂದಿನ ಬುಟ್ಟಿಗೆ ಹಾಕಿಕೊಂಡು ಅದೇ ಸೋಗೆ ಮೇಲೆ, ಅದೇ ದಾರಿಯಲ್ಲಿ ಸರಸರ ಹೋದಳು. ಸೋಗೆ ಚೂರುಗಳು ಅವಳ ಚೈನಿಗೂ ಸಿಕ್ಕಿದವು. ಚೈನ್ ಅವನ್ನು ಕತ್ತರಿಸಿ ಆ ಕಡೆ ಬಿಸಾಕಿತು. ಕೆಳಗೆ ನೇತಾಡುವುದು ಏನೂ ಇಲ್ಲ, ಸಿಕ್ಕಿಹಾಕಿಕೊಳ್ಳುವುದಕ್ಕೆ ಜಾಗವೇ ಇಲ್ಲ. ನಾನು ನಿಂತು ನೋಡುತ್ತಿದ್ದೆ.

ನನ್ನ ಸೈಕಲ್ ಕೊಂಡು ಆಗ 9 ವರ್ಷ. 26 ಇಂಚಿನ ಚಕ್ರ, ದಪ್ಪ ಟೈರು, ಮುಂದೆ 3 ಹಿಂದೆ 7, ಒಟ್ಟು 21 ಗೇರು. ಫ್ರೇಮ್ ಗಟ್ಟಿ. ಅದರ ಮೇಲೆ ನನಗೆ ಪ್ರೀತಿ. ಮಗಳನ್ನು ಅಂಗನವಾಡಿಗೆ ಕೂರಿಸಿಕೊಂಡು ಹೋಗಿದ್ದು ಅದರಲ್ಲೇ. ಆದ್ದರಿಂದ ಮಾರುವ ಮಾತು ಇರಲಿಲ್ಲ. ಇದಕ್ಕೆ ಮೊದಲು ಎರಡು ಸಲ ಡಿರೇಲರ್ ಹೋದಾಗಲೂ ಹೊಸದು ಹಾಕಿಸಿದ್ದೆ. ಪ್ರತಿ ಸಲವೂ ಆ ಸಾಮಾನು ಬರಲು ವಾರ ಹತ್ತು ದಿನ ಕಾಯಬೇಕು. ಬಂದ ಮೇಲೆ ಅದನ್ನು ಸರಿಯಾಗಿ ಕೂರಿಸಿ, ವೈರ್ ಎಳೆದು, ಗೇರ್ ಹದ ಮಾಡುವವರು ನಮ್ಮ ಏರಿಯಾದಲ್ಲಿ ಕಡಿಮೆ. ಒಂದು ಸಲ ದೊಡ್ಡ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಮೂರೇ ದಿನಕ್ಕೆ ಚೈನ್ ಮತ್ತೆ ಜಾರತೊಡಗಿತು.

ಈಗ ಮುಖ್ಯವಾದ ಮಾತು. ಗೇರ್ ತೆಗೆಯುವ ಮೊದಲು ನಾನು ಒಂದು ಪರೀಕ್ಷೆ ಮಾಡಿದೆ. ಯಾರಾದರೂ ಇದಕ್ಕೆ ಕೈ ಹಾಕುವುದಾದರೆ ಮೊದಲು ಇದನ್ನು ಮಾಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮುರಿದ ಡಿರೇಲರನ್ನು ಹೇಗೋ ನೆಟ್ಟಗೆ ಮಾಡಿ, ಕಡ್ಡಿ ಹಾಕಿಸಿ, ಮತ್ತೆ ಓಡಿಸುವ ಹಾಗೆ ಮಾಡಿಕೊಂಡೆ. ಮುಂದಿನ ಹಲ್ಲುಚಕ್ರಗಳನ್ನು ಎಣಿಸಿದೆ. 28, 38, 48. ಹಿಂದೆ 14, 16, 18, 20, 22, 24, 28. ಮುಂದೆ ನಡುವಿನ 38, ಹಿಂದೆ 18, ಅಲ್ಲಿಗೆ ಚೈನ್ ಕೂರಿಸಿದೆ. ಎರಡು ವಾರ ಶಿಫ್ಟರ್, ಅಂದರೆ ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಹಿಡಿ, ಮುಟ್ಟಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಮರೆತು ಕೈ ಹೋಗದಿರಲಿ ಅಂತ ಶಿಫ್ಟರ್ ಮೇಲೆ ಹಳೆ ಟ್ಯೂಬಿನ ತುಂಡು ಸುತ್ತಿದೆ.

ಯಾಕೆ 18? ನಮ್ಮಲ್ಲಿ ಸಾಮಾನ್ಯ ಸೈಕಲ್ಲಿನ ಹಿಂದಿನ ಫ್ರೀವೀಲು, ಅಂದರೆ ತುಳಿಯುವುದು ನಿಲ್ಲಿಸಿದರೂ ಚಕ್ರವನ್ನು ತಿರುಗಲು ಬಿಡುವ ಹಲ್ಲುಚಕ್ರ, 18 ಹಲ್ಲಿನದು. ಯಾವ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ. ನನಗೆ ಬೇಕಾಗಿದ್ದೇ ಅದು. ನಾಳೆ ಕೆಟ್ಟರೆ ಸ್ಕೂಲ್ ಇರುವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೇ ಸರಿ ಆಗಬೇಕು.

ಎರಡು ವಾರ ಓಡಿಸಿದೆ. ಎರಡು ಕಡೆ ಮಾತ್ರ ಕಷ್ಟ ಆಯಿತು. ನಾಲೆ ಸೇತುವೆಯ ಏರಿನಲ್ಲಿ ಸೀಟಿನಿಂದ ಎದ್ದು ತುಳಿಯಬೇಕು. ವಾಪಸ್ ಬರುವಾಗ ಟೌನಿನ ಹತ್ತಿರದ ಇಳಿಜಾರಿನಲ್ಲಿ ಕಾಲು ಸುಮ್ನೆ ಗಾಳಿಯಲ್ಲಿ ಸುತ್ತಿದ ಹಾಗೆ ಆಗುತ್ತದೆ, ಅಲ್ಲಿ ತುಳಿಯದೆ ಬಿಡಬೇಕು. ಉಳಿದ ದಾರಿಯಲ್ಲಿ ಗೇರಿನ ನೆನಪೇ ಬರಲಿಲ್ಲ. ಯೋಚನೆ ಮಾಡಿದರೆ ಅದಕ್ಕೆ ಕಾರಣ ನಾಲೆಯೇ. ಕೆ.ಆರ್.ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆಯಾಗಲಿ, ಅದರ ಕಿರು ನಾಲೆಗಳಾಗಲಿ, ನೀರು ತಾನಾಗಿಯೇ ಹರಿಯಬೇಕಲ್ಲ. ಹಾಗಾಗಿ ಏರಿಳಿತ ಇಲ್ಲದೆ, ಗೊತ್ತೇ ಆಗದಷ್ಟು ನಿಧಾನವಾದ ಇಳಿಜಾರಿನಲ್ಲಿ ತೆಗೆದಿರುತ್ತಾರೆ. ನಾಲೆ ಮಟ್ಟವಾಗಿದ್ದರೆ ಅದರ ಏರಿ ಮೇಲಿನ ದಾರಿಯೂ ಮಟ್ಟ. ಅಂಥ ದಾರಿಗೆ 21 ಗೇರ್ ಯಾಕೆ ಬೇಕು?

ನಂಬಿಕೆ ಬಂತು. ಒಂದು ಭಾನುವಾರ ಸೈಕಲ್ ತಗೊಂಡು ಹೊಳಲು ಸರ್ಕಲ್ ಕಡೆಗೆ ಹೋದೆ. ಅಲ್ಲಿಂದ ಸ್ವಲ್ಪ ಒಳಗೆ ಒಂದು ಹಳೆ ಸೈಕಲ್ ಶಾಪ್ ಇದೆ. ತಗಡಿನ ಶೀಟು, ಮುಂದೆ ನೀರಿನ ಬಾನಿ, ಮರಕ್ಕೆ ನೇತು ಹಾಕಿದ ಟೈರುಗಳು. ಅದನ್ನು ನಡೆಸುವವರಿಗೆ ಅರವತ್ತು ದಾಟಿದೆ. ನಾನು ಅಣ್ಣ ಅಂತಲೇ ಕರೆಯೋದು. ಅವರು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಬಹಳ ಹೊತ್ತು ಸುಮ್ಮನೆ ಹಿಂದಿನ ಚಕ್ರ ತಿರುಗಿಸುತ್ತಾ ನೋಡಿದರು.

"ಹಬ್ಬು ಚೆಂದಾಗದೆ ಮೇಷ್ಟ್ರೇ. ಸೀಳೂ ಅಡ್ಡಕ್ಕದೆ. ಆಯ್ತದೆ ಬುಡಿ."

ಹಬ್ಬು ಅಂದರೆ ಆಕ್ಸಲ್ ಸುತ್ತ ತಿರುಗುವ, ಕಡ್ಡಿಗಳೆಲ್ಲ ಬಂದು ಸೇರುವ ಚಕ್ರದ ನಡುಭಾಗ. ಇನ್ನು ಸೀಳು ಅಡ್ಡಕ್ಕಿದೆ ಅಂದರೆ ಏನು ಅಂತ ಹೇಳಬೇಕು. ಡಿರೇಲರ್ ಗೇರ್ ಬದಲಿಸುವುದು ಮಾತ್ರ ಅಲ್ಲ, ಚೈನನ್ನು ಬಿಗಿಯಾಗಿ ಎಳೆದು ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ಚೈನ್ ಬಿಗಿ ಮಾಡಲು ಬೇರೆ ದಾರಿ ಬೇಕು. ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳು ಅಡ್ಡಕ್ಕಿದ್ದರೆ ಚಕ್ರವನ್ನೇ ಹಿಂದಕ್ಕೆ ಎಳೆದು ನಟ್ ಬಿಗಿ ಮಾಡಿದರೆ ಆಯಿತು. ಸೀಳು ಮೇಲಿಂದ ಕೆಳಕ್ಕೆ ಇದ್ದರೆ ಚಕ್ರ ಹಿಂದೆ ಮುಂದೆ ಜರುಗುವುದಿಲ್ಲ. ಆಗ ಚೈನ್ ಎಳೆದು ಹಿಡಿಯುವ ಟೆನ್ಷನರ್ ಅಂತ ಇನ್ನೊಂದು ಸಾಮಾನು ಹಾಕಬೇಕು, ಅದೂ ಕೆಳಗೇ ನೇತಾಡುತ್ತದೆ. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಇರುವ ಸೈಕಲ್ಲುಗಳದ್ದೂ ಇದೇ ಕಥೆ. ಕುಲುಕಿದಾಗಲೆಲ್ಲ ಚೈನಿಗೆ ಬೇಕಾದ ಉದ್ದ ಬದಲಾಗುತ್ತಾ ಇರುತ್ತದೆ. ನನ್ನದರಲ್ಲಿ ಡಿರೇಲರನ್ನು ಒಂದು ಬೇರೆ ತಗಡಿನ ತುಂಡಿನಿಂದ ಆಕ್ಸಲ್‌ಗೆ ಸಿಕ್ಕಿಸಿದ್ದರು. ಆ ತುಂಡು ತೆಗೆದರೆ ಒಳಗೆ ಸಾದಾ ಸೈಕಲ್ಲಿನಂಥದೇ ಅಡ್ಡ ಸೀಳು.

ಮೊದಲ ದಿನ ಬಿಚ್ಚುವ ಕೆಲಸ. ಚೈನ್ ಕತ್ತರಿಸಿದೆವು. ಹಿಂದಿನ ಡಿರೇಲರ್ ಬಂತು, ಮುಂದಿನದು ಬಂತು, ಎರಡು ಶಿಫ್ಟರ್, ಎರಡು ಉದ್ದ ವೈರು, ಅದರ ಹೊದಿಕೆ. ಹ್ಯಾಂಡಲ್‌ನಲ್ಲಿ ತಿರುಗಿಸುವ ಶಿಫ್ಟರ್ ಇದ್ದ ಜಾಗ ಬೋಳಾಯಿತು. ಇದ್ದ ಗ್ರಿಪ್ ಅರ್ಧ ಉದ್ದದ್ದು, ಪೂರಾ ಉದ್ದದ ಹೊಸ ಗ್ರಿಪ್ ಬೇಕು ಅಂತ ಆಗಲೇ ಗೊತ್ತಾಗಿದ್ದು. ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು.

ಫ್ರೀವೀಲು ಮಾತ್ರ ಅಲ್ಲಾಡಲಿಲ್ಲ.

ಹಿಂದಿನ 7 ಹಲ್ಲುಚಕ್ರಗಳೂ ಸೇರಿ ಒಂದೇ ಗುಂಪು. ಅದು ಹಬ್ಬಿನ ಮರೆಗೆ, ಅಂದರೆ ಸ್ಕ್ರೂವಿನಲ್ಲಿ ಇರುವಂಥ ಸುತ್ತುಗಳಿಗೆ, ತಿರುಗಿಸಿ ಕೂರಿಸಿದ್ದು. ನಾವು ಪೆಡಲ್ ತುಳಿದಷ್ಟೂ ಅದು ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ. 9 ವರ್ಷ ತುಳಿದಿದ್ದೇನೆ, ಎಷ್ಟು ಬಿಗಿದಿರಬೇಡ! ಅದನ್ನು ಬಿಚ್ಚಲು ಒಳಗಡೆ ಹಲ್ಲು ಹಲ್ಲಾಗಿರುವ ಗೂಡಿಗೆ ಕೂರುವಂಥ ಒಂದು ಟೂಲ್ ಬೇಕು. ಅಣ್ಣನ ಹತ್ತಿರ ಸಾದಾ ಸೈಕಲ್ಲಿನ ಎರಡು ಕೊಂಬಿನ ಟೂಲ್ ಇತ್ತು, ಇದಕ್ಕೆ ಅದು ಕೂರುವುದಿಲ್ಲ. ಉಳಿ ಇಟ್ಟು ಹೊಡೆಯೋಣ ಅಂತ ಪಕ್ಕದಲ್ಲಿದ್ದವರು ಯಾರೋ ಹೇಳಿದರು. ಅಣ್ಣ ಒಪ್ಪಲಿಲ್ಲ. "ಹಬ್ಬಿನ ಮರೆ ಹೋದ್ರೆ ಚಕ್ರನೇ ಹೋಯ್ತು. ಟೂಲ್ ತನ್ನಿ ಮೇಷ್ಟ್ರೇ, ಆತ್ರ ಬ್ಯಾಡ." ಆ ಮಾತು ಕೇಳಿದ್ದು ಒಳ್ಳೆಯದಾಯಿತು.

ಮುಂದಿನ ಶನಿವಾರ ಮಧ್ಯಾಹ್ನ ರೈಲು ಹತ್ತಿ ಮೈಸೂರಿಗೆ ಹೋದೆ. ಎರಡು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರುವ ಉಕ್ಕಿನ ತುಂಡು, ಹೊರಗೆ 12 ಗೀರು. 220 ರೂಪಾಯಿ ಕೊಟ್ಟೆ.

ರಾತ್ರಿ ಮರೆಯ ಸಂದಿಗೆ ಸೀಮೆಎಣ್ಣೆ ಬಿಟ್ಟು ಚಕ್ರವನ್ನು ಮಲಗಿಸಿ ಇಟ್ಟೆವು. ಬೆಳಗ್ಗೆ ಟೂಲನ್ನು ಫ್ರೀವೀಲಿನ ಗೂಡಿಗೆ ಕೂರಿಸಿದೆವು. ಟೂಲ್ ಜಾರದ ಹಾಗೆ ಆಕ್ಸಲ್ ನಟ್ಟನ್ನು ಅದರ ಮೇಲಿಂದ ಹಾಕಿ ಕೈಯಲ್ಲಿ ಬಿಗಿ ಮಾಡಿದರು ಅಣ್ಣ. ಇದು ಮರೆಯಬಾರದ ಕೆಲಸ. ಟೂಲ್ ಜಾರಿದರೆ ಗೀರುಗಳು ಸವೆದು ಹೋಗುತ್ತವೆ, ಆಮೇಲೆ ಫ್ರೀವೀಲು ಜನ್ಮಕ್ಕೆ ಬಿಚ್ಚುವುದಿಲ್ಲ. ಆಮೇಲೆ ಚಕ್ರವನ್ನು ಮಗುಚಿ, ಪಕ್ಕದ ವೆಲ್ಡಿಂಗ್ ಶಾಪಿನ ವೈಸಿಗೆ ಆ ಟೂಲ್ ಕಚ್ಚಿಸಿದೆವು. ಅವರು ಆ ಕಡೆ, ನಾನು ಈ ಕಡೆ ಟೈರನ್ನು ಹಿಡಿದು, ಸ್ಟೇರಿಂಗ್ ತಿರುಗಿಸಿದ ಹಾಗೆ ಎಡಕ್ಕೆ ಎಳೆದೆವು. ಏನೂ ಆಗಲಿಲ್ಲ. ಇನ್ನೊಂದು ಸಲ. ಕಾಲು ಊರಿ, ಉಸಿರು ಹಿಡಿದು ಎಳೆದೆವು. ಮೂರನೇ ಸಲಕ್ಕೆ ಟಕ್ ಅಂತ ಸದ್ದಾಯಿತು. ಕಡ್ಡಿ ಮುರಿಯಿತು ಅಂದುಕೊಂಡು ನನ್ನ ಎದೆ ಧಸಕ್ ಅಂದಿತು. ಅಣ್ಣ ನಕ್ಕರು. "ಬಿಟ್ಕತು ಬುಡಿ."

ಆಗ ಟೂಲ್ ಹಿಡಿದಿರುವ ಆ ನಟ್ ಸ್ವಲ್ಪ ಸಡಿಲ ಮಾಡಿ ಮತ್ತೆ ತಿರುಗಿಸಬೇಕು. ಇಲ್ಲದಿದ್ದರೆ ಫ್ರೀವೀಲು ಹೊರಗೆ ಬರುತ್ತಾ ನಟ್ಟಿಗೆ ಒತ್ತಿಕೊಳ್ಳುತ್ತದೆ. ಎರಡು ಸುತ್ತು ಆದ ಮೇಲೆ ಕೈಯಲ್ಲೇ ಬಂತು. ಒಳಗಿನ ಮರೆ ಹೊಸದರ ಹಾಗೆ ಹೊಳೆಯುತ್ತಿತ್ತು. 9 ವರ್ಷದ ಧೂಳು ಮಣ್ಣು ಅದನ್ನು ಮುಟ್ಟಿಯೇ ಇರಲಿಲ್ಲ.

ಇಲ್ಲಿ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಒಂದಿದೆ. ಅಣ್ಣ ಒಳಗಿನಿಂದ ಕಾಗದ ಸುತ್ತಿದ ಒಂದು 18 ಹಲ್ಲಿನ ಸಾದಾ ಫ್ರೀವೀಲು ತಂದರು. ಮರೆಗೆ ಗ್ರೀಸ್ ಸವರಿ, ಎರಡೇ ಬೆರಳಲ್ಲಿ ಹಿಡಿದು ನನ್ನ ಹಬ್ಬಿಗೆ ತಿರುಗಿಸಿದರು. ಬೆಣ್ಣೆಯ ಹಾಗೆ ಕೂತಿತು. ನನ್ನ ಗೇರ್ ಸೈಕಲ್ಲಿನ ಹಬ್ಬಿಗೂ ತಾತನ ಕಾಲದ ದೊಡ್ಡ ಸೈಕಲ್ಲಿನ ಹಬ್ಬಿಗೂ ಮರೆ ಒಂದೇ. ಅಗಲ 1.37 ಇಂಚು, ಇಂಚಿಗೆ 24 ಸುತ್ತು. ಹೊರಗಿನಿಂದ ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ. ಒಳಗೆ ಅಳತೆ ಒಂದೇ. ಹೊಸ ದುಬಾರಿ ಗೇರ್ ಸೈಕಲ್ಲುಗಳಲ್ಲಿ ಹೀಗಿರುವುದಿಲ್ಲ. ಅವುಗಳಲ್ಲಿ ಮರೆಗೆ ತಿರುಗಿಸದೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು, ಕ್ಯಾಸೆಟ್ ಅಂತ ಬರುತ್ತದೆ, ಅದಕ್ಕೆ ಒಂದೇ ಹಲ್ಲುಚಕ್ರ ಇಟ್ಟು ಅಕ್ಕಪಕ್ಕ ಬಳೆ ತುಂಬಬೇಕು. ಅಂಥ ಸೈಕಲ್ ಇರುವವರು ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಂಡಿರಲಿ.

ಗೇರ್ ಸಾಮಾನಿನ ಹೆಸರಿಗೆ ಜಗತ್ತಿನಲ್ಲೆಲ್ಲ ಗೊತ್ತಿರುವ ಶಿಮಾನೊ ಕಂಪನಿ ಇದೆಯಲ್ಲ, 1921ರಲ್ಲಿ ಜಪಾನಿನ ಸಕಾಯಿ ಊರಿನಲ್ಲಿ ಶುರುವಾದಾಗ ಅವರು ಮೊದಲು ಮಾಡಿದ್ದು ಇಂಥ ಒಂಟಿ ಫ್ರೀವೀಲನ್ನೇ. ಟೂರ್ ದ ಫ್ರಾನ್ಸ್‌ನಂಥ ದೊಡ್ಡ ರೇಸಿನಲ್ಲೂ 1937ರವರೆಗೆ ಡಿರೇಲರ್‌ಗೆ ಅನುಮತಿ ಇರಲಿಲ್ಲ. ಬೆಟ್ಟ ಬಂದರೆ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುವಿ ಹಾಕಿ, ಇನ್ನೊಂದು ಬದಿಯ ಹಲ್ಲಿಗೆ ಚೈನ್ ಏರಿಸಿಕೊಂಡು ಹೋಗುತ್ತಿದ್ದರು. ಅಣ್ಣನಿಗೆ ಇದನ್ನು ಹೇಳಿದೆ. "ಎರ್ಡೂ ಕಡೆ ಹಲ್ಲಾ?" ಅಂತ ಕೈ ನಿಲ್ಲಿಸಿ ಕೇಳಿದರು. ಹೌದು ಅಂದೆ. ಸ್ವಲ್ಪ ಹೊತ್ತು ಆ ಹಬ್ಬನ್ನೇ ತಿರುಗಿಸಿ ತಿರುಗಿಸಿ ನೋಡಿದರು.

ಫ್ರೀವೀಲು ಕೂತ ಮೇಲೆ ಕೆಲಸ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ನಿಜವಾದ ಕೆಲಸ ಇದ್ದದ್ದೇ ಆಮೇಲೆ. ಚಕ್ರವನ್ನು ಫ್ರೇಮಿಗೆ ಹಾಕಿ, ಮುಂದಿನ ನಡು ಹಲ್ಲುಚಕ್ರದಿಂದ ಹಿಂದಕ್ಕೆ ಒಂದು ದಾರ ಎಳೆದು ಹಿಡಿದರು. ದಾರ ಹಿಂದಿನ ಹಲ್ಲಿನ ಮೇಲೆ ಬರಬೇಕು. ಬರಲಿಲ್ಲ. ಹಿಂದಿನ ಹಲ್ಲು ಒಳಕ್ಕೆ ಇತ್ತು, ಸುಮಾರು 7 ಮಿ.ಮೀ. ಅಷ್ಟು ಸೊಟ್ಟ ಇದ್ದರೆ ಚೈನ್ ಸದ್ದು ಮಾಡುತ್ತದೆ, ಹಲ್ಲು ಬೇಗ ಸವೆಯುತ್ತದೆ, ಕುಲುಕಿದಾಗ ಕಳಚಿಕೊಳ್ಳುತ್ತದೆ.

ಗೇರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಒಮ್ಮೆ ಹಿಂದುಗಡೆ ಕೂತು ನೋಡಿ. ಬಲಗಡೆ 7 ಹಲ್ಲುಚಕ್ರಕ್ಕೆ ಜಾಗ ಬೇಕು ಅಂತ ಹಬ್ಬನ್ನು ಎಡಕ್ಕೆ ಸರಿಸಿರುತ್ತಾರೆ. ರಿಮ್ಮು ಮಾತ್ರ ಫ್ರೇಮಿನ ನಡುವೆಯೇ ಇರಬೇಕಲ್ಲ. ಹಾಗಾಗಿ ಬಲಗಡೆ ಕಡ್ಡಿಗಳು ನೆಟ್ಟಗೆ, ಬಹಳ ಬಿಗಿ. ಎಡಗಡೆಯವು ಓರೆ, ಸಡಿಲ. ನನ್ನ ಚಕ್ರದಲ್ಲಿ ಮೊದಲೂ ಕಡ್ಡಿ ಮುರಿದಾಗಲೆಲ್ಲ ಬಲಗಡೆಯದೇ ಮುರಿಯುತ್ತಿತ್ತು. ಕಾರಣ ಗೊತ್ತಾಗಿದ್ದು ಈಗ.

ಅಣ್ಣ ಆಕ್ಸಲ್ ಬಿಚ್ಚಿದರು. ಕೋನ್, ಗುಂಡು, ವಾಷರ್ ಎಲ್ಲವನ್ನೂ ಬಿಚ್ಚಿದ ಸಾಲಿನಲ್ಲೇ ಹಳೆ ಪೇಪರಿನ ಮೇಲೆ ಜೋಡಿಸಿದರು. ಎರಡೂ ಕಡೆಯ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿದರು. ಬಲಗಡೆ ಇದ್ದ ದಪ್ಪ ಬಳೆಯೊಂದನ್ನು ತೆಗೆದು ಎಡಗಡೆ ಹಾಕಿದರು. ಅಷ್ಟೇ. ಒಟ್ಟು ಅಗಲ ಅದೇ 135 ಮಿ.ಮೀ., ಫ್ರೇಮಿಗೆ ಏನೂ ತೊಂದರೆ ಇಲ್ಲ. ಆದರೆ ಹಬ್ಬು ಬಲಕ್ಕೆ ಸರಿಯಿತು, ಜೊತೆಗೆ ಹಲ್ಲೂ ಸರಿಯಿತು. ದಾರ ಹಿಡಿದರೆ ನೇರ.

ಹಬ್ಬಿನ ಜೊತೆ ರಿಮ್ಮೂ ಬಲಕ್ಕೆ ಹೋಗಿತ್ತು. ಅದನ್ನು ಮತ್ತೆ ನಡುವಿಗೆ ತರಬೇಕು. ಬಲಗಡೆ ಕಡ್ಡಿಗಳನ್ನು ಅರ್ಧ ಸುತ್ತು ಸಡಿಲ, ಎಡಗಡೆಯವನ್ನು ಅರ್ಧ ಸುತ್ತು ಬಿಗಿ. ಮತ್ತೆ ಒಂದು ಸುತ್ತು ನೋಡಿ, ಮತ್ತೆ ಅರ್ಧ. 36 ಕಡ್ಡಿ. ಒಂದೂವರೆ ಗಂಟೆ ಹಿಡಿಯಿತು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನಡುನಡುವೆ ಅಣ್ಣ ಎರಡು ಕಡ್ಡಿಯನ್ನು ಸೇರಿಸಿ ಹಿಂಡುತ್ತಿದ್ದರು, ಬೆರಳಲ್ಲಿ ಮೀಟಿ ಕಿವಿ ಕೊಡುತ್ತಿದ್ದರು. ಶುರುವಿನಲ್ಲಿ ಬಲಗಡೆ ಕಡ್ಡಿ ಟಿಣ್ ಅನ್ನುತ್ತಿತ್ತು, ಎಡಗಡೆಯದು ದೊಪ್ಪೆ ಸದ್ದು. ಕೊನೆಗೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ನಾದ. ನನಗೂ ಮೀಟಲು ಹೇಳಿದರು. ಮೀಟಿ ಕೇಳಿದೆ. ಅಷ್ಟು ವರ್ಷ ಓಡಿಸಿದ ಚಕ್ರವನ್ನು ಅವತ್ತೇ ಮೊದಲು ಕಿವಿಯಲ್ಲಿ ಕೇಳಿದ್ದು. ಬೆಂಡ್ ತೆಗೆದು ಮುಗಿಸಿ, ಬ್ರೇಕ್ ಕಟ್ಟೆ ಎರಡೂ ಕಡೆ ರಿಮ್ಮಿಗೆ ಸಮ ಕೂರುವ ಹಾಗೆ ಮಾಡಿದರು. ಈ ಕೆಲಸಕ್ಕೆ ಅವರು ಕೇಳಿದ ಕೂಲಿ ನನಗೆ ಬಹಳ ಕಡಿಮೆ ಅನಿಸಿತು. ಜಾಸ್ತಿ ಕೊಟ್ಟೆ. ಬೇಡ ಬೇಡ ಅಂದರೂ ಜೇಬಿಗೆ ಹಾಕಿದೆ.

ಮುಂದೆ ಚೈನು. ಹಳೆ ಗೇರ್ ಚೈನ್ ಸಾದಾ ಫ್ರೀವೀಲಿಗೆ ಆಗುವುದಿಲ್ಲ. ಗೇರ್ ಚೈನಿನ ಒಳ ಅಗಲ 3/32 ಇಂಚು, ಸಾದಾ ಫ್ರೀವೀಲಿನ ಹಲ್ಲು ಅದಕ್ಕಿಂತ ದಪ್ಪ. 1/8 ಇಂಚಿನ ಸಾದಾ ಚೈನ್ ಹಾಕಿದರೆ ಮುಂದಿನ ತೆಳು ಹಲ್ಲಿಗೂ ಆಗುತ್ತದೆ, ಹಿಂದಿನ ದಪ್ಪ ಹಲ್ಲಿಗೂ ಆಗುತ್ತದೆ. ಬೇಡದ ಕೊಂಡಿಗಳನ್ನು ತೆಗೆದು 96 ಉಳಿಸಿಕೊಂಡೆವು. ಕೊಂಡಿ ತೆಗೆಯುವಾಗ ಎರಡೆರಡೇ ತೆಗೆಯಬೇಕು, ಒಳಗಿನದೊಂದು ಹೊರಗಿನದೊಂದು. ಎರಡು ಕೊಂಡಿ ಅಂದರೆ ಒಂದು ಇಂಚು, ಚಕ್ರ ಹಿಂದೆ ಮುಂದೆ ಅರ್ಧ ಇಂಚು ಜರುಗಿದರೆ ಅದನ್ನು ಸರಿದೂಗಿಸಬಹುದು. ಸೀಳಿನಲ್ಲಿ ಅಷ್ಟು ಜಾಗ ಇತ್ತು.

ಚೈನಿನ ಎರಡು ತುದಿ ಸೇರಿಸುವ ಲಾಕಿಗೆ ಮೀನಿನ ಆಕಾರದ ಒಂದು ಪುಟ್ಟ ಕ್ಲಿಪ್ ಇರುತ್ತದೆ. ಒಂದು ಕಡೆ ಮುಚ್ಚಿರುತ್ತೆ, ಇನ್ನೊಂದು ಕಡೆ ಬಾಯಿ ತೆರೆದಿರುತ್ತೆ. ಚೈನ್ ಓಡುವ ದಿಕ್ಕಿಗೆ ಮುಚ್ಚಿದ ಕಡೆ ಇರಬೇಕು. ತಿರುಗಾ ಹಾಕಿದರೆ ಯಾವುದಕ್ಕಾದರೂ ತಗುಲಿ ಬಿಚ್ಚಿಕೊಳ್ಳುತ್ತದೆ. ಅಣ್ಣ ಕಟಿಂಗ್ ಪ್ಲೇಯರಲ್ಲಿ ಒತ್ತಿ ಕೂರಿಸಿದರು.

ಚಕ್ರ ಹಿಂದಕ್ಕೆ ಎಳೆದು ನಟ್ ಬಿಗಿ ಮಾಡುವುದನ್ನು ನಾನೇ ಮಾಡಿದೆ. ಮೊದಲು ಬಲಗಡೆ ಸ್ವಲ್ಪ, ಆಮೇಲೆ ಎಡಗಡೆ ಸ್ವಲ್ಪ, ಚಕ್ರ ನಡೆದುಕೊಂಡು ಹೋದ ಹಾಗೆ. ಕೆಳಗಿನ ಚೈನನ್ನು ನಡುವೆ ಎತ್ತಿದರೆ ಒಂದು ಬೆರಳು ದಪ್ಪದಷ್ಟು ಆಡಬೇಕು. ಸರಿ ಇದೆ ಅಂತ ಹೊರಟೆ.

ಗುತ್ತಲು ರಸ್ತೆ ಮುಟ್ಟುವಷ್ಟರಲ್ಲಿ ಎರಡು ತೊಂದರೆ ಕಂಡವು. ಒಂದು, ಪೆಡಲ್ ಒಂದು ಜಾಗಕ್ಕೆ ಬಂದಾಗ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ. ಎರಡು, ಟಿಕ್ ಅಂತ ಒಂದು ಸದ್ದು. ಪ್ರತಿ ಸುತ್ತಿಗೂ ಅಲ್ಲ, ಎರಡೂವರೆ ಸುತ್ತಿಗೆ ಒಂದು ಸಲ.

ವಾಪಸ್ ಹೋದೆ. ಮೊದಲನೆಯದು ಬೇಗ ಸರಿಹೋಯಿತು. ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗಿರುವುದಿಲ್ಲ, ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಡಿರೇಲರ್ ಇದ್ದಾಗ ಅದನ್ನು ನುಂಗಿಕೊಳ್ಳುತ್ತಿತ್ತು. ಈಗ ಪೆಡಲ್ ನಿಧಾನ ತಿರುಗಿಸಿ, ಚೈನ್ ಎಲ್ಲಿ ಅತಿ ಬಿಗಿ ಬರುತ್ತದೋ ಅಲ್ಲಿ ನಿಲ್ಲಿಸಿ, ಆ ಜಾಗದಲ್ಲಿ ಬೆರಳು ದಪ್ಪ ಆಡುವ ಹಾಗೆ ಚಕ್ರ ಕೂರಿಸಬೇಕು. ನಾನು ಸಡಿಲ ಜಾಗದಲ್ಲಿ ಅಳತೆ ನೋಡಿಬಿಟ್ಟಿದ್ದೆ.

ಟಿಕ್ ಸದ್ದಿಗೆ ತಲೆ ಕೆಡಿಸಿಕೊಂಡೆವು. ಪೆಡಲ್ ಬಿಗಿ ಮಾಡಿದರು, ಸೀಟು ನೋಡಿದರು. ಆಮೇಲೆ ನನಗೆ ಹೊಳೆಯಿತು. ಮುಂದೆ 38 ಹಲ್ಲು, ಚೈನ್ 96 ಕೊಂಡಿ. 96 ಭಾಗಿಸು 38 ಅಂದರೆ ಎರಡೂವರೆ. ಅಂದರೆ ಚೈನ್ ಪೂರ್ತಿ ಒಂದು ಸುತ್ತು ಬಂದಾಗ ಒಂದು ಸಲ ಸದ್ದು. ಚೈನಿನಲ್ಲಿ ಒಂದೇ ಒಂದು ಇರುವುದು ಯಾವುದು? ಲಾಕು! ಸೈಕಲ್ ತಲೆಕೆಳಗು ಮಾಡಿ ನಿಧಾನ ತಿರುಗಿಸಿ ನೋಡಿದೆವು. ಲಾಕಿನ ಕ್ಲಿಪ್ ಹೊರಗಡೆ ಚಾಚಿಕೊಂಡು ಪಕ್ಕದ 48ರ ದೊಡ್ಡ ಹಲ್ಲುಚಕ್ರಕ್ಕೆ ಕೂದಲೆಳೆಯಷ್ಟು ತಾಗುತ್ತಿತ್ತು. ನನ್ನ ಸೈಕಲ್ಲಿನಲ್ಲಿ ಮೂರೂ ಹಲ್ಲುಚಕ್ರಗಳನ್ನು ಸೇರಿಸಿ ರಿವೆಟ್ ಹೊಡೆದಿದ್ದಾರೆ, ದೊಡ್ಡದನ್ನು ಮಾತ್ರ ತೆಗೆಯಲು ಆಗುವುದಿಲ್ಲ. ಲಾಕ್ ಬಿಚ್ಚಿ, ಕ್ಲಿಪ್ ಒಳಗಡೆಗೆ ಬರುವ ಹಾಗೆ ತಿರುಗಿಸಿ ಹಾಕಿದೆವು. ಒಳಗಡೆ 28ರದ್ದು ಸಣ್ಣದು, ತಾಗುವ ಮಾತೇ ಇಲ್ಲ. ಸದ್ದು ನಿಂತಿತು. ಆ ದೊಡ್ಡ ಹಲ್ಲುಚಕ್ರ ಉಳಿದದ್ದರಿಂದ ಒಂದು ಲಾಭವೂ ಆಯಿತು. ಪ್ಯಾಂಟು ಚೈನಿಗೆ ಸಿಕ್ಕುವುದಿಲ್ಲ, ಚೈನ್ ಹೊರಗೆ ಬೀಳುವುದಿಲ್ಲ.

ನಾಲ್ಕು ದಿನ ಆದ ಮೇಲೆ ಸೇತುವೆ ಏರಿನಲ್ಲಿ ಎದ್ದು ತುಳಿದಾಗ ಬಲಗಡೆ ಆಕ್ಸಲ್ ಮುಂದಕ್ಕೆ ಜಾರಿತು. ಟೈರು ಫ್ರೇಮಿಗೆ ಉಜ್ಜಿಕೊಂಡು ನಿಂತಿತು. ಬ್ಯಾಗಿನಲ್ಲಿ 15ರ ಸ್ಪ್ಯಾನರ್ ಇಟ್ಟುಕೊಂಡಿದ್ದೆ. ಅಲ್ಲೇ ಎಳೆದು ಬಿಗಿ ಮಾಡಿ ಹೊರಟೆ, ಐದು ನಿಮಿಷವೂ ಆಗಲಿಲ್ಲ. ಸಂಜೆ ನಯವಾದ ವಾಷರ್ ತೆಗೆಸಿ ಹಲ್ಲಿರುವ ವಾಷರ್ ಹಾಕಿಸಿದೆ. ಆಮೇಲೆ ಜಾರಿಲ್ಲ.

ಮುಂದಿನ ವಾರ ಎಂಟನೇ ಕ್ಲಾಸಿಗೆ ಅನುಪಾತದ ಪಾಠ ಇತ್ತು. ಸೈಕಲ್ಲನ್ನು ಸ್ಕೂಲ್ ಅಂಗಳಕ್ಕೆ ತಂದು ನಿಲ್ಲಿಸಿದೆ. ಮಕ್ಕಳು ಹಲ್ಲು ಎಣಿಸಿದರು. 38 ಭಾಗಿಸು 18, ಅಂದರೆ 2.11. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಚಕ್ರ ಉರುಳಿಸಿದರು. ಒಂದು ಸುತ್ತಿಗೆ 2 ಮೀಟರ್ 5 ಸೆಂ.ಮೀ. ಗುಣಿಸಿದರೆ 4.33 ಮೀಟರ್. ಆಮೇಲೆ ಒಬ್ಬ ಹುಡುಗ ಪೆಡಲನ್ನು ಸರಿಯಾಗಿ ಒಂದೇ ಸುತ್ತು ತಿರುಗಿಸಿ ಸೈಕಲ್ ಮುಂದೆ ತಳ್ಳಿದ. ಟೇಪ್ ಹಿಡಿದರೆ 4 ಮೀಟರ್ 31 ಸೆಂ.ಮೀ.! ಲೆಕ್ಕ ನೆಲದ ಮೇಲೆ ಬಂದು ಕೂತಿದ್ದನ್ನು ನೋಡಿ ಮಕ್ಕಳು ಚಪ್ಪಾಳೆ ಹೊಡೆದರು. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ ಎಷ್ಟು ದೂರ ಅಂತ ಕೇಳಿದೆ. ಬ್ಯಾಗ್ ತಗೊಂಡು ಹೋಗಿದ್ದ ಆ ಹುಡುಗಿಯೇ ಮೊದಲು ಉತ್ತರ ಹೇಳಿದಳು, ಹದಿನೈದೂವರೆ ಕಿ.ಮೀ. ನನ್ನ 7 ಕಿ.ಮೀ.ಗೆ 27 ನಿಮಿಷ. ನಿಜಕ್ಕೂ ಅಷ್ಟೇ ಹಿಡಿಯುತ್ತದೆ. 21 ಗೇರ್ ಇದ್ದಾಗಲೂ ಹೆಚ್ಚು ಕಡಿಮೆ ಅಷ್ಟೇ ಹಿಡಿಯುತ್ತಿತ್ತು.

ಹೋಲಿಕೆಗೆ ಅಣ್ಣನ ದೊಡ್ಡ ಸೈಕಲ್ಲಿನದೂ ಎಣಿಸಿ ಬಂದಿದ್ದೆ. ಮುಂದೆ 44, ಹಿಂದೆ 18, ಚಕ್ರ 28 ಇಂಚು. ಅದು ಒಂದು ತುಳಿತಕ್ಕೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ತುಳಿಯುವುದಕ್ಕೆ ನನ್ನದು ಅದಕ್ಕಿಂತ ಹಗುರ. ಕ್ಯಾರಿಯರ್ ಮೇಲೆ 25 ಕೆ.ಜಿ. ಅಕ್ಕಿ ಮೂಟೆ ಹಾಕಿಕೊಂಡು ಸೇತುವೆ ಹತ್ತಿದ್ದೇನೆ, ಇಳಿದು ತಳ್ಳಬೇಕಾಗಲಿಲ್ಲ.

ಎಲ್ಲರಿಗೂ ಇದು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆಷಾಢದ ಎದುರುಗಾಳಿಯಲ್ಲಿ ಇನ್ನೊಂದು ಹಗುರ ಗೇರ್ ಇದ್ದಿದ್ದರೆ ಅನಿಸಿದ್ದು ಉಂಟು. ಮೇಲುಕೋಟೆ ಬೆಟ್ಟವನ್ನು ಈ ಸೈಕಲ್ಲಿನಲ್ಲಿ ತುಳಿದುಕೊಂಡು ಹತ್ತಲು ನನ್ನಿಂದ ಆಗುವುದಿಲ್ಲ, ಗೇರ್ ಇದ್ದಾಗ ಒಂದು ಸಲ ಹತ್ತಿದ್ದೆ. ಮೊಣಕಾಲು ನೋವು ಇರುವವರು, ದಿನಾ ದೊಡ್ಡ ಏರು ಹತ್ತುವವರು ಗೇರ್ ಇಟ್ಟುಕೊಳ್ಳುವುದೇ ಒಳ್ಳೆಯದು. ಮಟ್ಟಸ ದಾರಿ, ಧೂಳು, ಕೆಸರು, ಸೋಗೆ, ಹತ್ತಿರದಲ್ಲಿ ಒಂದು ಸಣ್ಣ ಸೈಕಲ್ ಶಾಪ್, ಇಷ್ಟು ಇದ್ದವರು ಧೈರ್ಯವಾಗಿ ಮಾಡಬಹುದು.

ನನಗೆ ಆದ ಖರ್ಚು ಹೇಳುತ್ತೇನೆ. ಫ್ರೀವೀಲು, ಚೈನು, ಗ್ರಿಪ್, ವಾಷರ್, ಎಲ್ಲ ಸೇರಿ 480 ರೂಪಾಯಿ. ಟೂಲ್ 220. ಕೂಲಿ ಬೇರೆ. ತೆಗೆದ ಗೇರ್ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ತರಕಾರಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. 1 ಕೆ.ಜಿ. 300 ಗ್ರಾಂ ಬಂತು. ಅಷ್ಟು ದಿನ ಅದನ್ನು ಹೊತ್ತುಕೊಂಡು ತಿರುಗಿದ್ದೆ.

ಒಂದು ವರ್ಷ ಆಯಿತು. ಮತ್ತೆ ಕಬ್ಬು ಕಡಿಯುತ್ತಿದ್ದಾರೆ, ದಾರಿ ತುಂಬಾ ಸೋಗೆ. ಸಂಜೆ ಮನೆಗೆ ಬಂದು ಚೈನಿಗೆ ಸಿಕ್ಕಿದ ಚೂರುಗಳನ್ನು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ತೆಗೆದು ಎರಡು ಹನಿ ಎಣ್ಣೆ ಬಿಡುತ್ತೇನೆ. ಅದೇ ಈಗ ಇರುವ ಕೆಲಸ.

ಮೈಸೂರಿನಿಂದ ತಂದ ಟೂಲನ್ನು ನಾನು ಮನೆಗೆ ತರಲಿಲ್ಲ. ಅಣ್ಣನ ಅಂಗಡಿಯಲ್ಲೇ, ಎರಡು ಕೊಂಬಿನ ಹಳೆ ಟೂಲಿನ ಪಕ್ಕ, ಅದೇ ಮೊಳೆಗೆ ನೇತು ಹಾಕಿದ್ದೇವೆ. ಇದುವರೆಗೆ ಇನ್ನೂ ಮೂರು ಸೈಕಲ್ಲಿಗೆ ಅದು ಕೆಲಸಕ್ಕೆ ಬಂದಿದೆಯಂತೆ. ಹೋದ ವಾರ ಅತ್ತ ಹೋದಾಗ ಒಬ್ಬ ಕಾಲೇಜ್ ಹುಡುಗ ತನ್ನ ಗೇರ್ ಸೈಕಲ್ ಮಲಗಿಸಿಕೊಂಡು ಕೂತಿದ್ದ. ಅಣ್ಣ ನನ್ನನ್ನು ನೋಡಿ ಕೈ ಬೀಸಿ ಕರೆದರು. "ಬನ್ನಿ ಮೇಷ್ಟ್ರೇ, ಆ ಕಡೆ ಟೈರ್ ಹಿಡ್ಕಳಿ." ಬ್ಯಾಗ್ ಕೆಳಗಿಟ್ಟು ಹಿಡಿದುಕೊಂಡೆ.